ಚೆನ್ನಯನೋ, ವಾದಿರಾಜನೋ?

ಮಾರಾಯ, ಮಗನಿಗೆ ಚೆನ್ನಯ ಅಂತ ಹೆಸರಿಡಲೋ ವಾದಿರಾಜ ಅಂತಲೋ ಎಂದು ಕೇಳಿದೆಯಲ್ಲ, ಎರಡೂ ನಮ್ಮೂರಿನ ಹೆಸರುಗಳೇ. ಈಗಿನ ಮಕ್ಕಳಲ್ಲಿ ಎರಡೂ ಅಪರೂಪ, ಅಜ್ಜಂದಿರಲ್ಲೇ ಜಾಸ್ತಿ.

ಚೆನ್ನಯ ತುಳು ಪಾಡ್ದನದ, ಅಂದರೆ ಬಾಯಿಂದ ಬಾಯಿಗೆ ಬಂದ ಕಥನಗೀತೆಯ ವೀರ. ದೇಯಿ ಬೈದೆತಿಯ ಅವಳಿ ಮಕ್ಕಳಲ್ಲಿ ಕೋಟಿಯ ತಮ್ಮ. ಅವರ ಗುಡಿಗಳಾದ ಗರಡಿಗಳಲ್ಲಿ ಇಬ್ಬರಿಗೂ ಇವತ್ತಿಗೂ ನೇಮ, ಅಂದರೆ ದೈವಾರಾಧನೆಯ ಉತ್ಸವ, ನಡೆಯುತ್ತದೆ. ವಾದಿರಾಜರು ಕುಂದಾಪುರ ಹತ್ತಿರದ ಹೂವಿನಕೆರೆಯಲ್ಲಿ ಹುಟ್ಟಿ ಸೋದೆ ಮಠದ ಯತಿಗಳಾದವರು. ಹೆಸರಿನ ಅರ್ಥ, ವಾದ ಮಾಡುವವರ ರಾಜ.

ಕರೆಯಲು ಚೆನ್ನಯ ಸಲೀಸು. ಅಂಗಳದಿಂದ ಕೂಗಿದರೆ ಗದ್ದೆಗೆ ಕೇಳುತ್ತದೆ. ವಾದಿರಾಜ ಎರಡೇ ದಿನಕ್ಕೆ ‘ವಾದಿ’ ಆಗುತ್ತಾನೆ, ಸುಮ್ನೆ ಕೋರ್ಟಿಗೆ ಕೇಸು ಹಾಕಿದವನ ಹಾಗೆ!

ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಮಾತ್ರ ಚೆನ್ನಯನಿಗೇ ಕಾಟ. ಅವಸರದಲ್ಲಿ ‘ಚೆನ್ನೈ’ ಎಂದು ಓದಿಬಿಡುತ್ತಾರೆ. ಮಗು ಪರವೂರಲ್ಲಿ ಬೆಳೆಯುವುದಾದರೆ ವಾದಿರಾಜ ವಾಸಿ. ಮನೆಯಲ್ಲಿ ತುಳು ಮಾತಾಡುತ್ತೀರಿ, ಗರಡಿಗೆ ಹೋಗುತ್ತೀರಿ ಅಂತಾದರೆ ಚೆನ್ನಯ ಇಡು.