ಮೂಡಿಗೆರೆ ಮಳೆಯಲ್ಲಿ ಬಟ್ಟೆ ಡೈಪರ್: ವರ್ಷದ ಹತ್ತಿರ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಡೈಪರ್ ಒಳ್ಳೆಯ ವಸ್ತು, ಇನ್ನೊಂದು ಮಗುವಾದರೂ ಇದನ್ನೇ ಕೊಳ್ಳುತ್ತೇನೆ. ಆದರೆ ಮಲೆನಾಡಿನಲ್ಲಿ ಇರುವವರು ಯಾವ ಕಂಪನಿ, ಎಷ್ಟು ಚಂದದ ಪ್ರಿಂಟು ಅಂತ ನೋಡುವ ಮೊದಲು ಒಳಗಿನ ಪ್ಯಾಡ್ ಯಾವ ಬಟ್ಟೆಯದು, ಎಷ್ಟು ಹೊತ್ತಿಗೆ ಒಣಗುತ್ತದೆ ಅಂತ ನೋಡಬೇಕು. ನಾನು ಕೊಳ್ಳುವಾಗ ಓದಿದ ವಿಮರ್ಶೆಗಳಲ್ಲಿ ಮಳೆಯ ಮಾತೇ ಇರಲಿಲ್ಲ.

ನನ್ನ ತವರು ಕಡೂರು ಕಡೆ. ಗಂಡನ ಮನೆ ಮೂಡಿಗೆರೆ ಹತ್ತಿರದ ಕಾಫಿ ತೋಟ. ಒಂದೇ ಜಿಲ್ಲೆ, ಆದರೆ ಅಲ್ಲಿ ಮಳೆಗೆ ಕಾಯುತ್ತಾರೆ, ಇಲ್ಲಿ ಮಳೆ ನಿಲ್ಲಲಿ ಅಂತ ಕಾಯುತ್ತೇವೆ. ಮಗಳು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ, ಬಾಣಂತನ ತವರಿನಲ್ಲಿ. ಎರಡನೇ ತಿಂಗಳಿಂದ ಬಟ್ಟೆ ಡೈಪರ್ ಹಾಕಲು ಶುರು ಮಾಡಿದೆ. ಈಗ ಅವಳಿಗೆ ಹನ್ನೊಂದು ತಿಂಗಳು. ಗೋಡೆ ಹಿಡಿದು ನಡೆಯುತ್ತಾಳೆ, ಕೈ ಬಿಟ್ಟು ಒಂದು ಕ್ಷಣ ನಿಲ್ಲುತ್ತಾಳೆ. ಹೀಗೆ ಒಂದೇ ಡೈಪರನ್ನು ಎರಡು ಹವೆಯಲ್ಲಿ, ಎರಡು ತರದ ನೀರಿನಲ್ಲಿ ಒಗೆದು ನೋಡಿದ್ದೇನೆ.

ನಾನು ತಗೊಂಡಿದ್ದು ಪಾಕೆಟ್ ಡೈಪರ್. ಹೊರಗೆ ಪಿಯುಎಲ್ ಕವರ್, ಅಂದರೆ ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರೆಥೇನ್ ತೆಳು ಪದರ ಅಂಟಿಸಿರುತ್ತಾರೆ, ನೀರು ಹೊರಗೆ ಬರುವುದಿಲ್ಲ. ಒಳಗಿನ ಜೇಬಿಗೆ ಪ್ಯಾಡ್ ತುರುಕಬೇಕು. ಮುಂದೆ ಸಾಲು ಸಾಲು ಪ್ರೆಸ್ ಬಟನ್. ಮಗು ಬೆಳೆದಂತೆ ಬಟನ್ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು. ಈ ಅಳತೆಯ ವಿಷಯದಲ್ಲಿ ಕಂಪನಿ ಹೇಳಿದ್ದು ನಿಜವೇ. ಎರಡು ತಿಂಗಳಿಗೆ ಹಾಕಿದ್ದೇ ಈಗಲೂ ಆಗುತ್ತಿದೆ, ಇನ್ನೂ ಒಂದು ಸಾಲು ಬಾಕಿ ಇದೆ.

ಹೊಸದನ್ನು ತಂದ ಕೂಡಲೇ ಹಾಕಬೇಡಿ. ಹತ್ತಿ, ಹೆಂಪ್ (ಸೆಣಬಿನ ತರದ ನಾರಿನ ಬಟ್ಟೆ), ಬಿದಿರಿನ ಪ್ಯಾಡುಗಳಲ್ಲಿ ಮೊದಲಿಗೆ ಸ್ವಲ್ಪ ಜಿಡ್ಡು ಇರುತ್ತದೆ. ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆಯೇ ಅವು ಸರಿಯಾಗಿ ಹೀರುವುದು. ಸಾಮಾನ್ಯವಾಗಿ ಜೊತೆಗೆ ಕೊಡುವುದು ಮೈಕ್ರೋಫೈಬರ್ ಪ್ಯಾಡ್, ಅಂದರೆ ತೀರಾ ಸಣ್ಣ ಸಿಂಥೆಟಿಕ್ ಎಳೆಗಳದು. ಅದು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದರೆ ಒತ್ತಿದರೆ ನೀರು ಬಿಟ್ಟುಬಿಡುತ್ತದೆ. ಮಲಗಿರುವ ಮಗುವಿಗೆ ಸರಿ, ಕೂತು ಎದ್ದು ಜಾರುವ ಮಗುವಿಗೆ ತೊಡೆಯ ಹತ್ತಿರ ಒದ್ದೆ. ಅದನ್ನು ನೇರ ಚರ್ಮಕ್ಕೆ ತಾಗಿಸಲೂಬಾರದು, ಚರ್ಮದ ಪಸೆಯನ್ನೂ ಎಳೆದುಬಿಡುತ್ತದೆ. ಹೆಂಪ್ ಮತ್ತು ಬಿದಿರಿನ ಪ್ಯಾಡ್ ಜಾಸ್ತಿ ಹಿಡಿಯುತ್ತವೆ, ರಾತ್ರಿಗೆ ಬಹಳ ಒಳ್ಳೆಯವು. ಒಣಗುವುದು ಮಾತ್ರ ತೀರಾ ನಿಧಾನ.

ಕಡೂರಿನಲ್ಲಿ ಒಣಗಿಸುವ ಯೋಚನೆಯೇ ಇರಲಿಲ್ಲ. ಬೆಳಗ್ಗೆ ಒಗೆದು ತಂತಿಗೆ ಹಾಕಿದರೆ ಮಧ್ಯಾಹ್ನಕ್ಕೆ ತೆಗೆಯಬಹುದು. ಕಲೆಯೂ ಬಿಸಿಲಿಗೇ ಹೋಗುತ್ತಿತ್ತು. ಅಲ್ಲಿ ತೊಂದರೆ ಇದ್ದದ್ದು ನೀರಿನದು. ಬೋರ್‌ವೆಲ್ ನೀರು ಗಡಸು, ಸೋಪು ನೊರೆಯೇ ಬರುವುದಿಲ್ಲ. ಉಪ್ಪಿನಂಶ ಮತ್ತು ಸೋಪಿನ ಪುಡಿ ಬಟ್ಟೆಯಲ್ಲಿ ಉಳಿದು ಪ್ಯಾಡ್ ಗಟ್ಟಿಯಾಗುತ್ತಾ ಬಂತು, ಉಚ್ಚೆ ಹೀರದೆ ಪಕ್ಕಕ್ಕೆ ಹರಿಯತೊಡಗಿತು. ಮಳೆನೀರಿನ ತೊಟ್ಟಿ ಇದ್ದವರು ಕೊನೆಯ ಜಾಲಿಸುವಿಕೆಗೆ ಅದನ್ನೇ ಬಳಸಿ. ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಡಿ, ಅದು ಎಳೆಗಳ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ಮೂಡಿಗೆರೆಗೆ ಬಂದ ಮೇಲೆ ತೋಟದ ಹಳ್ಳದಿಂದ ಬರುವ ನೀರಿನಲ್ಲಿ ಅವೇ ಪ್ಯಾಡುಗಳು ಮೆತ್ತಗಾದವು. ಕಾಫಿ ಕುಯ್ಲಿನ ದಿನಗಳು, ಒಳ್ಳೆ ಬಿಸಿಲು, ಕಣದ ಪಕ್ಕದ ತಂತಿಯಲ್ಲಿ ಡೈಪರ್ ಸಾಲು. ಆಗ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಆಮೇಲೆ ಆರಿದ್ರಾ ಮಳೆ ಹಿಡಿಯಿತು.

ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಈಗ ಆಶ್ಲೇಷ. ಗೋಡೆ ಬೆವರುತ್ತದೆ, ಬೀರುವಿನಲ್ಲಿಟ್ಟ ಬಟ್ಟೆಗೇ ಬೂಸ್ಟು ಬರುತ್ತದೆ, ಗಾಳಿಗೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ, ಹಾಗಾಗಿ ವಾಷಿಂಗ್ ಮೆಷಿನ್ ಡ್ರೈಯರ್ ನಂಬಿಕೊಂಡು ಕೂರುವ ಹಾಗಿಲ್ಲ. ಬಿದಿರಿನ ಪ್ಯಾಡ್ ಮೂರು ದಿನ ನೇತಾಡಿದರೂ ಮಧ್ಯದ ಪದರ ತಣ್ಣಗೇ ಇರುತ್ತದೆ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಕೆನ್ನೆಗೆ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಅರೆಒಣಗಿದ್ದನ್ನು ಹಾಕಿದರೆ ಶಿಲೀಂಧ್ರದ ರ್‍ಯಾಶ್ ಬರಬಹುದು. ಸುಮ್ನೆ ಉಚ್ಚೆಗೆ ಕೆಂಪಾಗುವುದೇ ಬೇರೆ, ಇದೇ ಬೇರೆ. ಇದು ತೊಡೆಯ ಸಂದಿಯೊಳಗೇ ಹೋಗಿ ಕೂರುತ್ತದೆ, ಗಾಢ ಕೆಂಪು, ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆ. ಹಾಗೆ ಕಂಡರೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿದ್ದ ಯಾವುದೋ ಕ್ರೀಮ್ ಹಚ್ಚಬೇಡಿ. ಪೌಡರ್ ಅಂತೂ ಬೇಡ, ಅದರ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಎಲ್ಲ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ. ಹಂಡೆ ಕಾಯುತ್ತಾ ಇರುತ್ತದೆ, ಮೇಲೆ ಬಟ್ಟೆ. ಹತ್ತಿ ಪ್ಯಾಡುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಸ್ವಲ್ಪ ಹೊಗೆ ವಾಸನೆ ಬರುತ್ತದೆ ಅಷ್ಟೇ. ಪಿಯುಎಲ್ ಕವರನ್ನು ಮಾತ್ರ ಅಲ್ಲಿ ಹಾಕಬೇಡಿ. ಜಾಸ್ತಿ ಕಾವಿಗೆ ಒಳಪದರ ಬಿಡುತ್ತದೆ, ಎಲಾಸ್ಟಿಕ್ ಸಡಿಲವಾಗುತ್ತದೆ. ಕವರ್ ನೀರು ಹೀರುವುದೇ ಇಲ್ಲವಲ್ಲ, ಕೊಡವಿ ಜಗುಲಿಯಲ್ಲಿ ನೇತುಹಾಕಿದರೂ ಒಣಗುತ್ತದೆ. ಅಡಿಕೆ, ಕಾಫಿ ಒಣಗಿಸಲು ಪ್ಲಾಸ್ಟಿಕ್ ಶೀಟಿನ ಸೋಲಾರ್ ಮನೆ ಕಟ್ಟಿಸಿಕೊಂಡವರು ಜುಲೈನಲ್ಲಿ ಅದನ್ನು ಡೈಪರಿಗೆ ಬಿಟ್ಟುಕೊಡಬಹುದು. ಮೋಡವಿದ್ದರೂ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ, ಹೊಗೆಯೂ ಇಲ್ಲ.

ಈ ಮಳೆಗಾಲದಲ್ಲಿ ನನ್ನನ್ನು ನಿಜವಾಗಿ ಕಾಪಾಡಿದ್ದು ಅತ್ತೆಯ ಟ್ರಂಕಿನಲ್ಲಿದ್ದ ಹಳೇ ಪಂಚೆಗಳು. ಒಂದೇ ಪದರದ ತೆಳು ಹತ್ತಿ ಬಟ್ಟೆ, ಚೌಕ ಕತ್ತರಿಸಿ, ಮಡಿಚಿ ಪಿಯುಎಲ್ ಕವರಿನೊಳಗೆ ಇಡುವುದು. ಹಾಕುವಾಗ ಎಂಟು ಪದರ, ಒಣಗಿಸುವಾಗ ಒಂದೇ ಪದರ. ಬೆಳಗ್ಗೆ ಒಗೆದದ್ದು ಒಲೆಯ ಮೇಲೆ ಸಂಜೆಗೆ ಗರಿಗರಿ. ಇದು ಗೊತ್ತಿದ್ದರೆ ಸಾಕಷ್ಟು ದುಡ್ಡು ಉಳಿಯುತ್ತದೆ. ಒಂದು ಸಾಧಾರಣ ಪಾಕೆಟ್ ಡೈಪರಿಗೆ 300ರಿಂದ 500 ರೂಪಾಯಿ. ಹಾಗಾಗಿ ಮಲೆನಾಡಿನವರಿಗೆ ನನ್ನ ಮಾತು: ಕವರ್ ನಾಲ್ಕೈದು ಕೊಳ್ಳಿ, ಒಳಗಿನದು ಮನೆಯ ಹತ್ತಿ ಬಟ್ಟೆ ಇರಲಿ, ರಾತ್ರಿಗೆ ಅಂತ ಎರಡು ಹೆಂಪ್ ಪ್ಯಾಡ್. ಮಳೆ ಜಾಸ್ತಿಯಾದ ವಾರ ರಾತ್ರಿಗೆ ಯೂಸ್ ಅಂಡ್ ಥ್ರೋ ಹಾಕಿದರೆ ತಪ್ಪೇನಿಲ್ಲ. ನಾನೂ ಹಾಕುತ್ತೇನೆ. ತಾಯಿಗೆ ನಿದ್ದೆ ಬೇಕಲ್ವಾ?

ಯೂಸ್ ಅಂಡ್ ಥ್ರೋ ಬಗ್ಗೆ ನನ್ನ ಬೇಸರ ಅದರ ಕಸದ ಬಗ್ಗೆ. ಊರಾಚೆಯ ತೋಟದ ಮನೆಗೆ ಕಸದ ಗಾಡಿ ಬರುವುದಿಲ್ಲ. ಒಳಗೆ ಉಚ್ಚೆ ಹೀರಿದ ಜೆಲ್ ಸರಿಯಾಗಿ ಸುಡುವುದಿಲ್ಲ, ಗುಂಡಿಗೆ ಹಾಕಿದರೆ ನಾಯಿ ಎಳೆದು ತರುತ್ತದೆ, ಹಳ್ಳಕ್ಕೆ ಎಸೆಯುವವರೂ ಇದ್ದಾರೆ. ಇಲ್ಲಿ ಹುಟ್ಟುವ ಹೇಮಾವತಿಯನ್ನೇ ಗೊರೂರಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ, ಆಮೇಲೆ ಅದು ಕಾವೇರಿಗೆ ಸೇರುತ್ತದೆ. ನಮ್ಮ ಹಳ್ಳದ ನೀರು ಎಷ್ಟು ಜನ ಕುಡಿಯುತ್ತಾರೆ ಯೋಚಿಸಿ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಬಳಸಿದ ಡೈಪರನ್ನು ಸುತ್ತಿ ಕಟ್ಟಿಯೇ ಕೊಡಬೇಕು ಅಂತಿತ್ತು. ನಾವು ಕಟ್ಟಿ ಇಟ್ಟು, ಪೇಟೆಗೆ ಹೋಗುವಾಗ ಕಸದ ಗಾಡಿಗೆ ಕೊಡುತ್ತೇವೆ.

ಒಗೆಯುವುದರ ಬಗ್ಗೆ ಎರಡು ಮಾತು. ಆರು ತಿಂಗಳವರೆಗೆ ಬರೀ ಎದೆಹಾಲು, ಆಗ ಕಕ್ಕ ನೀರಿಗೆ ಹೋಗಿಬಿಡುತ್ತಿತ್ತು. ರಾಗಿ ಸರಿ, ಅನ್ನ, ಬೇಳೆ ಶುರುವಾದ ಮೇಲೆ ಬೇರೆ ಕಥೆ. ಗಟ್ಟಿಯಾದದ್ದನ್ನು ಟಾಯ್ಲೆಟ್ಟಿಗೆ ಹಾಕಿ, ಉಳಿದದ್ದಕ್ಕೆ ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು, ಆಮೇಲೆ ಒಗೆಯಬೇಕು. ರಾತ್ರಿಯದನ್ನು ಬೆಳಗ್ಗೆ ಎದ್ದ ಕೂಡಲೇ ಜಾಲಿಸಿ. ಇಲ್ಲದಿದ್ದರೆ ಉಚ್ಚೆ ಅಮೋನಿಯಾ ಆಗಿ ಕಣ್ಣುರಿ ಬರುವಷ್ಟು ವಾಸನೆ. ಬಕೆಟ್ಟಿನಲ್ಲಿ ನೆನೆಹಾಕಿ ಬಿಡಬೇಡಿ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ನೀರು ತುಂಬಿದ ಬಕೆಟ್ ಎಂದೂ ನೆಲದ ಮೇಲೆ ಇರಬಾರದು, ಇದನ್ನು ಡೈಪರಿಗಿಂತ ಮುಖ್ಯ ಅಂತ ತಿಳಿಯಿರಿ.

ಈಗಿನ ಕಷ್ಟ ಒಣಗಿಸುವುದಲ್ಲ, ಹಾಕುವುದು. ಒಂಬತ್ತು ತಿಂಗಳಾದ ಮೇಲೆ ಅವಳು ಅಂಗಾತ ಮಲಗುವುದೇ ಇಲ್ಲ. ಮಲಗಿಸಿದರೆ ಮಗುಚಿಕೊಂಡು ಓಟ. ಬಟನ್ ಎಳೆದು ಬಿಚ್ಚುವುದನ್ನೂ ಕಲಿತಿದ್ದಾಳೆ. ಸೊಂಟಕ್ಕೆ ವೆಲ್ಕ್ರೋ ಇರುವುದಾದರೆ ಇನ್ನೂ ಸುಲಭ ಅವಳಿಗೆ, ಅದಕ್ಕೇ ಬಟನ್ ಇರುವುದನ್ನೇ ತಗೊಳ್ಳಿ. ನಾನು ನಿಲ್ಲಿಸಿಕೊಂಡೇ ಹಾಕುತ್ತೇನೆ, ಅವಳು ಕಿಟಕಿ ಕಂಬಿ ಹಿಡಿದು ಮಳೆ ನೋಡುತ್ತಿರುವಾಗ, ಒಂದು ಬದಿ ಮೊದಲೇ ಒತ್ತಿಟ್ಟುಕೊಂಡು.

ಇನ್ನೊಂದು ವಿಷಯ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಬಟ್ಟೆ ಡೈಪರ್ ದಪ್ಪ, ಹೊಸದಾಗಿ ನಡೆಯುವ ಮಗು ಕಾಲು ಅಗಲಿಸಿ ಹೆಜ್ಜೆ ಇಡುತ್ತದೆ. 2012ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳನ್ನು ಬಟ್ಟೆ ಡೈಪರ್, ಯೂಸ್ ಅಂಡ್ ಥ್ರೋ ಮತ್ತು ಏನೂ ಇಲ್ಲದೆ, ಮೂರೂ ರೀತಿ ನಡೆಸಿ ನೋಡಿದ್ದನ್ನು ಪ್ರಕಟಿಸಿದರು. ಏನೂ ಇಲ್ಲದಾಗ ಚೆನ್ನಾಗಿ ನಡೆದರು, ಬಟ್ಟೆ ಡೈಪರಿನಲ್ಲಿ ಜಾಸ್ತಿ ತಡವರಿಸಿದರು. ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಡೈಪರ್ ಹಾಕಿದ ಮಕ್ಕಳೂ ನಡೆಯುತ್ತಾರೆ. ಆದರೆ ನಾನು ಈಗ ಹಗಲಿನಲ್ಲಿ ಎಷ್ಟಾಗುತ್ತೋ ಅಷ್ಟು ಹೊತ್ತು ಬರೀ ಚಡ್ಡಿಯಲ್ಲಿ ಬಿಡುತ್ತೇನೆ. ರೆಡ್ ಆಕ್ಸೈಡ್ ನೆಲ, ಒರೆಸಿದರೆ ಆಯಿತು. ಚರ್ಮಕ್ಕೆ ಗಾಳಿ, ಕಾಲಿಗೆ ಬಿಡುವು, ಒಗೆಯುವ ರಾಶಿಯೂ ಕಡಿಮೆ.

ಪ್ರಯಾಣಕ್ಕೆ? ಚಿಕ್ಕಮಗಳೂರಿಗೆ ಹೋಗಿಬರುವಷ್ಟಾದರೆ ಬಟ್ಟೆಯದೇ ಸಾಕು, ಒದ್ದೆ ಡೈಪರ್ ಹಾಕಿಕೊಳ್ಳಲು ಜಿಪ್ ಇರುವ ವೆಟ್ ಬ್ಯಾಗ್ ಜೊತೆಗಿರಲಿ. ಚಾರ್ಮಾಡಿ ಇಳಿದು ಧರ್ಮಸ್ಥಳ ಕಡೆ ಹೋಗುವಾಗ ಯೂಸ್ ಅಂಡ್ ಥ್ರೋ.

ಬಾಳಿಕೆ: ಬಟನ್ ಒಂದೂ ಕಿತ್ತಿಲ್ಲ. ತೊಡೆಯ ಎಲಾಸ್ಟಿಕ್ ಎರಡರಲ್ಲಿ ಸಡಿಲವಾಗಿದೆ. ಕಂಪನಿಗೆ ಫೋಟೋ ಸಮೇತ ಬರೆದೆ, ಉತ್ತರ ಬರಲಿಲ್ಲ. ಊರಿನ ಟೈಲರ್ ಹೊಸ ಎಲಾಸ್ಟಿಕ್ ಹಾಕಿಕೊಟ್ಟರು, ಈಗ ಮೊದಲಿಗಿಂತ ಗಟ್ಟಿ. ಕವರಿಗೆ ಐದಕ್ಕೆ ನಾಲ್ಕು, ಜೊತೆಗೆ ಬಂದ ಮೈಕ್ರೋಫೈಬರ್ ಪ್ಯಾಡಿಗೆ ಎರಡು. ಪ್ಯಾಡ್ ಇಲ್ಲದೆ ಬರೀ ಕವರ್ ಮಾರುವವರೂ ಇದ್ದಾರೆ, ಮಳೆ ಊರಿನವರು ಅದನ್ನೇ ಹುಡುಕಿ ತಗೊಳ್ಳಿ.