ಬ್ರೇಕ್ ಮಾಸ್ಟರ್ ಸಿಲಿಂಡರ್: ಕಿಟ್ ಸಾಕೋ, ಹೊಸದೇ ಬೇಕೋ?

ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಇಳಿಯುತ್ತದೆ, ಹೊರಗೆಲ್ಲೂ ಸೋರಿಕೆಯಿಲ್ಲ, ಆಯಿಲ್ ಮಟ್ಟವೂ ಕಡಿಮೆಯಾಗಿಲ್ಲ. ಹಾಗಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಒಳಗಿನ ರಬ್ಬರ್ ಕಪ್ ಸವೆದಿರುವ ಸಾಧ್ಯತೆಯೇ ಹೆಚ್ಚು.

ಹೊಸ ಕಪ್‌ಗಳಿರುವ ರಬ್ಬರ್ ಕಿಟ್ ಅಗ್ಗ. ಆದರೆ ಅದು ಬಾಳುವುದು ಸಿಲಿಂಡರಿನ ಒಳಗೋಡೆ ನುಣುಪಾಗಿದ್ದರೆ ಮಾತ್ರ. ಪಿಸ್ಟನ್ ತೆಗೆದು ಟಾರ್ಚ್ ಬಿಟ್ಟು ನೋಡಿ: ಗೀರೋ ತುಕ್ಕಿನ ಗುಳಿಯೋ ಕಂಡರೆ ಹೊಸ ಕಪ್ಪೂ ಬೇಗ ಹರಿಯುತ್ತದೆ. ಪೆಟ್ರೋಲಿನಲ್ಲಿ ತೊಳೆಯಬೇಡಿ, ರಬ್ಬರ್ ಉಬ್ಬುತ್ತದೆ. ಬ್ರೇಕ್ ಆಯಿಲ್ಲೇ ಸಾಕು.

ಹೊಸದಕ್ಕೆ ದುಡ್ಡು ಜಾಸ್ತಿ, ತಲೆನೋವು ಕಡಿಮೆ. ಹತ್ತು ವರ್ಷ ಓಡಿದ ಕಾರಿಗೆ ನಮ್ಮ ಮತ ಇದಕ್ಕೇ.

ಬ್ರೇಕ್ ಆಯಿಲಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ ಮಾತ್ರ ಎರಡಕ್ಕೂ ಒಂದೇ. ಕಾರಿಗೆ ಕೂರಿಸುವ ಮೊದಲು ಸಿಲಿಂಡರನ್ನು ವೈಸ್‌ಗೆ ಕಚ್ಚಿಸಿ, ಔಟ್‌ಲೆಟ್‌ಗಳಿಂದ ಪೈಪ್ ಎಳೆದು ತುದಿಗಳನ್ನು ಸಿಲಿಂಡರಿನ ಮೇಲಿನ ಡಬ್ಬಿಯ ಆಯಿಲ್‌ನಲ್ಲಿ ಮುಳುಗಿಸಿ. ಗುಳ್ಳೆ ನಿಲ್ಲುವ ತನಕ ಪಿಸ್ಟನನ್ನು ನಿಧಾನವಾಗಿ ಒತ್ತಿ ಬಿಡಿ. ಇದನ್ನು ಬಿಟ್ಟರೆ ಎಷ್ಟು ಆಯಿಲ್ ಸುರಿದರೂ ಪೆಡಲ್ ಸ್ಪಂಜಿನಂತೆಯೇ ಇರುತ್ತದೆ. ಆಮೇಲೆ ಚಕ್ರಗಳ ಬ್ರೇಕ್‌ಗಳಿಂದಲೂ ಗಾಳಿ ತೆಗೆಯಿರಿ, ಕೈಪಿಡಿ ಹೇಳಿದ ಕ್ರಮದಲ್ಲಿ.

ಪೈಪ್ ನಟ್‌ಗೆ ಫ್ಲೇರ್ ಸ್ಪ್ಯಾನರೇ (ನಟ್‌ನ ಹೆಚ್ಚಿನ ಬದಿಗಳನ್ನು ಸುತ್ತಿ ಹಿಡಿಯುವಂಥದ್ದು) ಹಾಕಿ. ಸಾಮಾನ್ಯದ್ದು ಮೂಲೆ ತಿನ್ನುತ್ತದೆ. ಬ್ರೇಕ್ ಆಯಿಲಿನ ದರ್ಜೆ ಡಾಟ್ 3 ಅಥವಾ 4, ಡಬ್ಬಿಯ ಮುಚ್ಚಳದಲ್ಲಿ ಬರೆದದ್ದೇ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್‌ನೊಳಗೆ ಗಾಳಿ ಹೊಕ್ಕರೆ, ಅದನ್ನು ತೆಗೆಯಲು ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕಾಗಬಹುದು.