ಐಫೋನಿನಲ್ಲಿ ಒಮ್ಮೆ ತೆರೆದು ನೋಡದೆ ಪುಟ ಹಂಚಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಲ್ಲಿ ಶಾಲೆಗಳಿಗೆ, ದೇವಸ್ಥಾನಗಳಿಗೆ, ಯಕ್ಷಗಾನ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗರು ಈಗ ಸಾಕಷ್ಟು ಮಂದಿ ಇದ್ದಾರೆ. ಅವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಪುಟದ ರೂಪ ಹೇಗಿರಬೇಕೆಂದು ಹೇಳುವ ಸ್ಟೈಲ್‌ಶೀಟಿನಲ್ಲಿ ನಾನು ಹಾಕಿದ ಎರಡು ಸಾಲುಗಳಿಂದ ಒಂದು ಶಾಲೆಯ ಹದಿನಾರು ದಿನ ಹಾಳಾಯಿತು, ಒಬ್ಬ ಹಿರಿಯರು ಸುಮ್ಮನೆ ನೊಂದುಕೊಂಡರು.

ನಾನು ಕಲಿತ ಕನ್ನಡ ಮಾಧ್ಯಮ ಶಾಲೆಗೆ ನೂರು ವರ್ಷ ತುಂಬಿತ್ತು. ಹಳೆ ವಿದ್ಯಾರ್ಥಿಗಳು ಹೆಸರು, ಕಲಿತ ವರ್ಷ, ಈಗ ಇರುವ ಊರು ತುಂಬಿಸಿ ಕಳಿಸಲಿಕ್ಕೆ ಒಂದು ಪುಟ ಬೇಕೆಂದರು. ಬಂದ ಹೆಸರುಗಳೆಲ್ಲ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಬೇಕು ಎಂದು ಸಮಿತಿಯ ತೀರ್ಮಾನ. ಕನ್ನಡ, ಮಲಯಾಳ ಎರಡರಲ್ಲೂ ಮಾಡಿದೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಚಂದ ಕಂಡಿತು. ಕ್ರೋಮಿನ ಒಳಗೇ ಮೊಬೈಲಿನ ಹಾಗೆ ತೋರಿಸುವ ವ್ಯವಸ್ಥೆ ಉಂಟಲ್ಲ, ಅದರಲ್ಲಿ ಐಫೋನ್ ಆರಿಸಿ ನೋಡಿದೆ, ಅಲ್ಲೂ ಸರಿ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ 'ಕಳುಹಿಸಿ' ಬಟನಿನ ಕೆಳ ಅಂಚು ಕತ್ತರಿಸಿದ ಹಾಗೆ ಇತ್ತು. ಒತ್ತಿದರೆ ಕೆಲಸ ಮಾಡುತ್ತಿತ್ತು, ಹಾಗಾಗಿ ಬಿಟ್ಟೆ. ಆ ಕತ್ತರಿಸಿದ ಅಂಚಿನಲ್ಲೇ ಎಲ್ಲ ಇತ್ತು, ನಾನು ನಿಂತು ನೋಡಲಿಲ್ಲ.

ವಾಟ್ಸಾಪ್ ಗುಂಪುಗಳಲ್ಲಿ ಲಿಂಕ್ ಹೋದ ರಾತ್ರಿಯಿಂದಲೇ ಊರಿನವರ ಹೆಸರು ಬರತೊಡಗಿತು. ಮಂಗಳೂರು, ಬೆಂಗಳೂರಿನಿಂದಲೂ ಬಂತು. ದುಬೈ, ದೋಹಾ, ಬಹರೈನ್, ಮಸ್ಕತ್ ಕಡೆಯಿಂದ ಮಾತ್ರ ಹೆಚ್ಚುಕಡಿಮೆ ಏನೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಗಲ್ಫಿಗೆ ಒಬ್ಬರಾದರೂ ಹೋಗದ ಮನೆ ಹುಡುಕಬೇಕು; ಆ ಶಾಲೆಯ ಹಳೆ ಮಕ್ಕಳಲ್ಲಂತೂ ಬಹಳ ಮಂದಿ ಅಲ್ಲೇ ಇರುವುದು. ನಿವೃತ್ತ ಮುಖ್ಯೋಪಾಧ್ಯಾಯರು, ಈಗಲೂ ನಮಗೆಲ್ಲ ಮಾಷ್ಟ್ರು, ದಿನಾ ಸಂಜೆ ಫೋನ್ ಮಾಡಿ ಕೇಳುತ್ತಿದ್ದರು: "ಆಚೆಯಿಂದ ಯಾರಾದರೂ ಕಳಿಸಿದ್ದಾರಾ?" ಒಂದು ದಿನ ಪಟ್ಟಿಯನ್ನು ಪೂರ್ತಿ ಓದಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿ ಬಿಡು, ಅವರಿಗೆ ಇನ್ನು ಶಾಲೆ ಎಂತಕ್ಕೆ" ಎಂದು ಫೋನ್ ಇಟ್ಟರು. ಮರುದಿನದಿಂದ ಕೇಳಲಿಲ್ಲ.

ಹದಿನಾರನೆಯ ದಿನ ಶಾರ್ಜಾದಲ್ಲಿರುವ ನನ್ನ ಕ್ಲಾಸಿನವನೊಬ್ಬ ಕರೆ ಮಾಡಿದ. "ಮಾರಾಯ, ನಾನು ಮೂರು ಸಲ ತುಂಬಿಸಿದೆ. ಕಳಿಸುವುದು ಎಲ್ಲಿಂದ? ಬಟನೇ ಇಲ್ಲವಲ್ಲ!" ಸ್ಕ್ರೀನ್‌ಶಾಟ್ ಕಳಿಸಿದ. 'ಈಗಿನ ಊರು' ಎಂಬ ಖಾನೆ, ಅದರ ಕೆಳಗೆ ನೇರವಾಗಿ ಐಫೋನಿನ ಬ್ರೌಸರ್ ಸಫಾರಿಯ ವಿಳಾಸಪಟ್ಟಿ (ಅಡ್ರೆಸ್ ಬಾರ್). ಬಟನ್ ಆ ಪಟ್ಟಿಯ ಅಡಿಯಲ್ಲಿ ಹೂತುಹೋಗಿತ್ತು. ಕ್ರೋಮಿನಲ್ಲಿ ತೆರೆದು ನೋಡು ಎಂದೆ. ಅಲ್ಲೂ ಅದೇ.

ಆದದ್ದು ಇಷ್ಟು. ಪುಟ ಆಪ್‌ನಂತೆ ಕಾಣಲಿ ಎಂದು ಎತ್ತರಕ್ಕೆ 100ವಿಎಚ್ ಕೊಟ್ಟು, ಚೌಕಟ್ಟಿಗೆ ಮಿಕ್ಕಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿ ಹೊರಗಿನ ಸ್ಕ್ರೋಲನ್ನು ನಿಲ್ಲಿಸಿದ್ದೆ. ಖಾನೆಗಳು ಮಾತ್ರ ಒಳಗೆ ಸರಿಯುತ್ತವೆ, ಬಟನ್ ತಳದಲ್ಲಿ ನಿಲ್ಲುತ್ತದೆ. 100ವಿಎಚ್ ಎಂದರೆ ಕಣ್ಣಿಗೆ ಕಾಣುವಷ್ಟು ಎತ್ತರ ಎಂದೇ ನಾನು ತಿಳಿದದ್ದು. ಲ್ಯಾಪ್‌ಟಾಪಿನಲ್ಲಿ ಅದು ನಿಜ. ಫೋನಿನಲ್ಲಿ ವಿಳಾಸಪಟ್ಟಿ ಮಡಚಿಕೊಂಡ ಮೇಲೆ ಸಿಗುವ ದೊಡ್ಡ ಎತ್ತರವನ್ನು ಸಫಾರಿ ಲೆಕ್ಕಕ್ಕೆ ಹಿಡಿಯುತ್ತದೆ, ಆಂಡ್ರಾಯ್ಡಿನ ಕ್ರೋಮೂ ಹಾಗೆಯೇ. ಪುಟವನ್ನು ಮೇಲೆ ಸರಿಸಿದರೆ ಪಟ್ಟಿ ಮಡಚಿ ಜಾಗ ಬಿಡುತ್ತದೆ. ನಾನು ಸರಿಯುವುದನ್ನೇ ಕಟ್ಟಿಹಾಕಿದ್ದೆ. ಆಂಡ್ರಾಯ್ಡಿನಲ್ಲಿ ಮರೆಯಾದದ್ದು ಬಟನಿನ ಒಂದು ಅಂಚು, ಐಫೋನಿನಲ್ಲಿ ಇಡೀ ಬಟನ್. 2021ರ ಐಒಎಸ್ 15ರಲ್ಲಿ ಸಫಾರಿಯ ವಿಳಾಸಪಟ್ಟಿಯೇ ಪರದೆಯ ಕೆಳಕ್ಕೆ ಬಂದದ್ದರಿಂದ ಬಟನ್ ಇರುವ ಜಾಗಕ್ಕೇ ಅದು ಕೂತಿತು.

ಲ್ಯಾಪ್‌ಟಾಪಿನ ಕ್ರೋಮ್ ಐಫೋನಿನ ಹಾಗೆ ತೋರಿಸುವಾಗ ಪರದೆಯ ಅಳತೆ, ಫೋನಿನ ಹೆಸರು ಇಂಥ ಹೊರಗಿನ ಸಂಗತಿಗಳನ್ನು ಮಾತ್ರ ಬದಲಿಸುತ್ತದೆ. ಪುಟವನ್ನು ಪರದೆಗೆ ಬಿಡಿಸುವ ಒಳಗಿನ ಎಂಜಿನ್ ಕ್ರೋಮಿನದ್ದೇ, ಸಫಾರಿಯ ಪಟ್ಟಿ ಅಲ್ಲಿ ಇರುವುದೇ ಇಲ್ಲ. ಗಲ್ಫಿನಲ್ಲಾಗಲಿ ನಮ್ಮಲ್ಲಾಗಲಿ ಐಫೋನಿನ ಕ್ರೋಮ್ ಕೂಡ ಹೆಸರಿಗೆ ಕ್ರೋಮ್. ಒಳಗೆ ಓಡುವುದು ಸಫಾರಿಯದ್ದೇ ಎಂಜಿನ್, ಆ್ಯಪಲ್‌ನ ವೆಬ್‌ಕಿಟ್. ಆದ್ದರಿಂದ "ಬೇರೆ ಬ್ರೌಸರಿನಲ್ಲಿ ನೋಡಿ" ಎಂದು ಐಫೋನಿನವರಿಗೆ ಹೇಳಿ ಪ್ರಯೋಜನವಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಡಿವಿಎಚ್, ಅಂದರೆ ವಿಳಾಸಪಟ್ಟಿ ಬಂದುಹೋಗುವಾಗ ಬದಲಾಗುವ, ಆ ಹೊತ್ತಿಗೆ ಕಾಣುವಷ್ಟೇ ಎತ್ತರ. ಮೊದಲು 100ವಿಎಚ್ ಸಾಲು, ಅದರ ಕೆಳಗೆ 100ಡಿವಿಎಚ್ ಸಾಲು. ಗೊತ್ತಿಲ್ಲದ ಸಾಲನ್ನು ಬ್ರೌಸರ್ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, ಹಾಗಾಗಿ ಹೊಸದು ಕೆಳಗೇ ಬರಬೇಕು. ಆದರೆ ಡಿವಿಎಚ್ ಸಫಾರಿಗೆ ಬಂದದ್ದು 15.4ನೆಯ ಆವೃತ್ತಿಯಲ್ಲಿ, ಕ್ರೋಮಿಗೆ 108ರಲ್ಲಿ, ಎರಡೂ 2022ರಲ್ಲಿ. ಅದಕ್ಕಿಂತ ಹಳೆಯ ಫೋನಿನಲ್ಲಿ ಮೊದಲ ಸಾಲೇ ಉಳಿದು ಬಟನ್ ಪುನಃ ಮಾಯವಾಗುತ್ತದೆ. ನಾನು ಎತ್ತರದ ಕಟ್ಟುಪಾಡನ್ನೇ ಕಿತ್ತು ಬಿಸಾಡಿ, ಕೊನೆಯ ಖಾನೆಯ ಕೆಳಗೆ ಬಟನ್ ಇಟ್ಟು ಸಾದಾ ಪುಟ ಮಾಡಿದೆ. ಫಾರ್ಮಿಗೆ ಅದೇ ಸರಿ, ಈಗ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಹಳೆ ಫೋನು ಯಾರ ಹತ್ತಿರ ಇರುತ್ತದೆ ಎನ್ನಬೇಡಿ. ಗಲ್ಫಿನಿಂದ ರಜೆಗೆ ಬರುವ ಮಕ್ಕಳು ತಮ್ಮ ಹಳೆ ಐಫೋನನ್ನು ಅಪ್ಪ ಅಮ್ಮನ ಕೈಗೆ ಕೊಟ್ಟು ಹೋಗುತ್ತಾರೆ. ಮಾಷ್ಟ್ರ ಹತ್ತಿರ ಇರುವುದೂ ಮಗ ಕೊಟ್ಟ ಐಫೋನ್ 6. ಅದು ಐಒಎಸ್ 12ಕ್ಕೆ ನಿಂತುಹೋದ ಫೋನು, ಸಫಾರಿಯೂ ಅಲ್ಲಿಗೇ ನಿಂತಿದೆ. ಖಾನೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್ ಎಂಬ ವಿಧಾನದಲ್ಲಿ, ನಡುವೆ ಜಾಗ ಬಿಡಲಿಕ್ಕೆ ಗ್ಯಾಪ್ ಕೊಟ್ಟರೆ ಸಫಾರಿಗೆ ಅರ್ಥವಾಗತೊಡಗಿದ್ದು 2021ರ 14.1ರಿಂದ. ಮಾಷ್ಟ್ರ ಫೋನಿನಲ್ಲಿ ಖಾನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬ್ರೌಸರಿಗೆ ಏನೇನು ಗೊತ್ತು ಎಂದು ವಿಚಾರಿಸುವ ಸಪೋರ್ಟ್ಸ್ ಎಂಬ ಸಾಲು ಹಾಕಿ ಗ್ಯಾಪ್ ಉಂಟಾ ಎಂದು ಕೇಳಿದರೂ ಕೆಲಸ ಕೆಡುತ್ತದೆ: ಗ್ರಿಡ್ ಎಂಬ ಇನ್ನೊಂದು ಜೋಡಣೆಯಲ್ಲಿ ಗ್ಯಾಪ್ ಗೊತ್ತಿರುವ ಕಾರಣ ಆ ಸಫಾರಿ "ಉಂಟು" ಎಂದೇ ಉತ್ತರಿಸುತ್ತದೆ. ಅದರ ಬದಲು ಖಾನೆಯ ಸುತ್ತ ಜಾಗ ಬಿಡುವ ಮಾರ್ಜಿನ್ ಕೊಟ್ಟುಬಿಡಿ, ಎಲ್ಲೆಡೆ ನಡೆಯುತ್ತದೆ.

ಇನ್ನೊಂದು ತಪ್ಪನ್ನು ಹಿಡಿದದ್ದು ಮಾಷ್ಟ್ರೇ. ಬಟನಿನ ವಿಷಯ ಹೇಳಲು ಅವರ ಮನೆಗೇ ಹೋಗಿದ್ದೆ. "ಅವರು ಮರೆತದ್ದಲ್ಲ ಮಾಷ್ಟ್ರೇ, ಬಟನ್ ಕಾಣದ ಹಾಗೆ ಮಾಡಿದ್ದು ನಾನು" ಎಂದೆ. ಅವರು ಏನೂ ಹೇಳದೆ ಫೋನು ನನ್ನ ಕಡೆ ಹಿಡಿದು ಹೆಸರುಗಳ ಪಟ್ಟಿ ತೋರಿಸಿದರು. "ಇದನ್ನು ಓದು." ಸುಬ್ಬಣ್ಣ 'ಸುಬಣ' ಆಗಿದ್ದ. ಲಕ್ಷ್ಮಮ್ಮನ ಕೊನೆಯ ಒತ್ತು ಇರಲಿಲ್ಲ. ಒತ್ತಕ್ಷರಗಳ ಕೆಳಭಾಗ ಕತ್ತಿಯಲ್ಲಿ ಸವರಿದ ಹಾಗೆ ಹೋಗಿತ್ತು. ನಲವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದವರ ಮುಂದೆ ನಾನು ಅದನ್ನು ಓದಬೇಕಾಯಿತು.

ಕಾರಣ ಇಂಗ್ಲಿಷ್ ಟೆಂಪ್ಲೇಟಿನಿಂದ ಎತ್ತಿಕೊಂಡ ಲೈನ್-ಹೈಟ್ (ಒಂದು ಸಾಲಿಗೆ ಸಿಗುವ ಎತ್ತರ) 1.1, ಜೊತೆಗೆ ಪುನಃ ಅದೇ ಓವರ್‌ಫ್ಲೋ ಹಿಡನ್. ಇಂಗ್ಲಿಷ್ ಅಕ್ಷರ ಗೆರೆಯ ಕೆಳಗೆ ಸ್ವಲ್ಪವೇ ಇಳಿಯುತ್ತದೆ. ನಮ್ಮದಕ್ಕೆ ಒತ್ತು ಕೂರಲು ಕೆಳಗೆ ಜಾಗ ಬೇಕು. ಅದೂ ಎಲ್ಲೆಡೆ ಒಂದೇ ಅಲ್ಲ. ನೀವು ಫಾಂಟ್ ಕೊಡದಿದ್ದರೆ ವಿಂಡೋಸ್ ನಿರ್ಮಲಾ ಯುಐ ತೋರಿಸುತ್ತದೆ, ಹಳೆ ವಿಂಡೋಸ್ ತುಂಗಾ, ಹಳೆ ಐಫೋನು ಕನ್ನಡ ಸಂಗಮ್, ಆಂಡ್ರಾಯ್ಡ್ ಸಾಮಾನ್ಯವಾಗಿ ನೋಟೊ. ಒಂದೊಂದರ ಒತ್ತು ಒಂದೊಂದು ಆಳಕ್ಕೆ ಇಳಿಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಹೇಗೋ ಹಿಡಿಸಿದ್ದು ಅಲ್ಲಿ ಹಿಡಿಸಲಿಲ್ಲ. ಈಗ ಆ ಹಿಡನ್ ತೆಗೆದು ಲೈನ್-ಹೈಟ್ 1.7 ಇಟ್ಟಿದ್ದೇನೆ, ಉದ್ದ ಹೆಸರು ಎರಡು ಸಾಲಿಗೆ ಇಳಿದರೂ ಇಳಿಯಲಿ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಪುಟದ ಜೊತೆಗೇ ಕಳಿಸುತ್ತೇನೆ. ಕನ್ನಡದ ಭಾಗಕ್ಕೂ ಮಲಯಾಳದ ಭಾಗಕ್ಕೂ ಯಾವ ಭಾಷೆ ಎಂದು ಬ್ರೌಸರಿಗೆ ಹೇಳುವ ಬೇರೆ ಬೇರೆ ಲ್ಯಾಂಗ್ ಗುರುತು ಹಾಕಿ, ಎರಡರ ಫಾಂಟನ್ನೂ ಅಳತೆಯನ್ನೂ ಬೇರೆಯಾಗಿಯೇ ಕೊಡುತ್ತೇನೆ.

ಐಫೋನ್ ಇಲ್ಲದವರು ಪ್ಲೇರೈಟ್ ಎಂಬ ಉಚಿತ ಸಲಕರಣೆ ಹಾಕಿಕೊಂಡರೆ ವಿಂಡೋಸ್‌ನಲ್ಲೇ ವೆಬ್‌ಕಿಟ್ ಓಡುತ್ತದೆ, ಕೆಲವು ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ವಿಳಾಸಪಟ್ಟಿ ಅಲ್ಲಿಯೂ ಇಲ್ಲ. ಹಾಗಾಗಿ ಹಂಚುವ ಮೊದಲು ಯಾರದ್ದಾದರೂ ಐಫೋನ್ ಬೇಡಿ ಪಡೆದು, ವಾಟ್ಸಾಪಿಗೆ ಬಂದ ಲಿಂಕನ್ನೇ ಒತ್ತಿ, ಮೊದಲ ಖಾನೆಯಿಂದ 'ಕಳುಹಿಸಿ' ತನಕ ಒಂದು ಹೆಸರು ತುಂಬಿಸಿ ನೋಡಿ. ಸಾಧ್ಯವಾದರೆ ಒಂದು ಹಳೆಯದರಲ್ಲೂ. ಒತ್ತಕ್ಷರ ತುಂಬಿದ ಹೆಸರೇ ಹಾಕಿ.

ಬಟನ್ ಸರಿಯಾದ ಎರಡೇ ದಿನದಲ್ಲಿ ಆಚೆಯಿಂದ 41 ಹೆಸರು ಬಂತು. ಅಷ್ಟರಲ್ಲಿ ಸಂಚಿಕೆಯ ಪುಟಗಳು ಅಚ್ಚಾಗಿ ಆಗಿತ್ತು. ಆ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಅಚ್ಚು ಹಾಕಿಸಿ ಪುಸ್ತಕದ ಒಳಗೆ ಇಟ್ಟುಕೊಟ್ಟೆವು. ಸಭೆಯ ದಿನ ಅಂಗಳದಲ್ಲಿ ಅಂಥ ನಾಲ್ಕೈದು ಹಾಳೆ ಬಿದ್ದಿರುವುದನ್ನು ನೋಡಿ ಹೆಕ್ಕಿಕೊಂಡು ಬಂದೆ. ಮಾಷ್ಟ್ರು ತಮ್ಮ ಪ್ರತಿಯಲ್ಲಿ ಆ ಹಾಳೆಯನ್ನು ಮೈದಾ ಅಂಟು ಹಚ್ಚಿ ಅಂಟಿಸಿಕೊಂಡಿದ್ದಾರೆ.